ವಸಡಿನ ಸಂದಿಗೆ ಔಷಧಿ ಇಡುವುದು: ಚಿಪ್ ಮೊದಲೋ, ಕ್ಲೀನಿಂಗ್ ಮೊದಲೋ?

ಪ್ರಶ್ನೆ: ನನಗೆ 54 ವರ್ಷ. ಶಿರಸಿ ಸೀಮೆಯವನು, ಅಡಿಕೆ ತೋಟ ಇದೆ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) ಕಳೆದ ಸಲ 8.2 ಬಂದಿತ್ತು. ಕವಳ (ಎಲೆ, ಅಡಿಕೆ, ಸುಣ್ಣ, ತಂಬಾಕು) ಹಾಕುವ ರೂಢಿ ಉಂಟು. ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತದೆ, ಬಾಯಿ ವಾಸನೆ ಇದೆ ಎಂದು ಮನೆಯವರು ಹೇಳುತ್ತಾರೆ, ಕೆಳಗಿನ ಒಂದು ದವಡೆ ಹಲ್ಲು ಸ್ವಲ್ಪ ಅಲ್ಲಾಡುತ್ತದೆ. ಪೇಟೆಯ ದಂತವೈದ್ಯರು ಕ್ಲೀನಿಂಗ್ ಮಾಡಿ ಅದೇ ದಿನ ನಾಲ್ಕು ಕಡೆ ವಸಡಿನೊಳಗೆ ಔಷಧಿಯ ಚಿಪ್ ಇಡೋಣ, ಆಪರೇಶನ್ ತಪ್ಪಬಹುದು ಎಂದರು. ಇದು ನಿಜವಾಗಿ ಉಪಯೋಗದ್ದೋ ಅಥವಾ ಬಿಲ್ ಏರಿಸುವ ಉಪಾಯವೋ? ಅದರ ಬದಲು ಆಂಟಿಬಯಾಟಿಕ್ ಮಾತ್ರೆ ನುಂಗಿದರೆ ಆಗದೇ? ಚಿಪ್ಪನ್ನು ಮೀನಿನಿಂದ ಮಾಡುತ್ತಾರೆ ಎಂದು ಯಾರೋ ಹೇಳಿದರು, ನಾವು ಸಸ್ಯಾಹಾರಿಗಳು. ಇನ್ನೊಂದು, ಕೊನೆಕೊಯ್ಲು (ಅಡಿಕೆಗೊನೆ ಇಳಿಸುವ ಕೆಲಸ) ಹತ್ತಿರ ಬಂದಿದೆ. ಎಲ್ಲ ಮುಗಿದ ಮೇಲೆ ಮಾಡಿಸಿಕೊಂಡರೆ ತೊಂದರೆಯೇ?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸುಳ್ಳಲ್ಲ, ಆದರೆ ಹೇಳಿದ ಹೊತ್ತು ಬೇಗವಾಯಿತು. ಚಿಪ್ ಬೇಕೋ ಬೇಡವೋ ಎನ್ನುವುದು ಕ್ಲೀನಿಂಗ್ ಆಗಿ ಎರಡು ತಿಂಗಳು ಕಳೆದ ಮೇಲೆ ಕೇಳಬೇಕಾದ ಪ್ರಶ್ನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದು ಇರುತ್ತದೆ. ವಸಡು ಚೆನ್ನಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಅಲ್ಲಿ ಪಾಚಿ ಕೂತು, ಗಟ್ಟಿಯಾಗಿ ಕಲ್ಲಾಗಿ, ವಸಡು ಊದಿಕೊಂಡು, ಒಳಗಿನ ಎಲುಬು ಕರಗತೊಡಗಿದರೆ ಸಂದು ಆಳವಾಗುತ್ತ ಹೋಗುತ್ತದೆ. ನಾವು ದಂತವೈದ್ಯರು ಅದಕ್ಕೆ ಪಾಕೆಟ್ ಅನ್ನುತ್ತೇವೆ. 5, 6, 7 ಮಿ.ಮೀ. ಆದಾಗ ನಿಮ್ಮ ಬ್ರಷ್ಷಿನ ಎಳೆ ಅದರ ತಳ ಮುಟ್ಟುವುದಿಲ್ಲ. ಒಳಗೆ ಹೋಗುವುದು ಹೆಚ್ಚೆಂದರೆ ಒಂದು ಮಿ.ಮೀ. ಬಾಯಿ ಮುಕ್ಕಳಿಸುವ ಔಷಧಿಯ ಕಥೆಯೂ ಅಷ್ಟೇ, ಬಾಗಿಲಲ್ಲೇ ನಿಂತು ಹೋಗುತ್ತದೆ. ಅಂಥ ಕತ್ತಲೆ ಕೋಣೆಗೆ ಔಷಧಿಯನ್ನು ನೇರ ಒಯ್ದು ಅಲ್ಲೇ ಬಿಟ್ಟು ಬರುವ ಉಪಾಯ ಈ ಚಿಪ್.

ಸಿರಿಂಜಿನಲ್ಲಿ ಔಷಧಿಯ ನೀರು ಹಾಕಿ ತೊಳೆದರೆ ಸಾಲದೇ ಎಂದು ನಮ್ಮ ವಿದ್ಯಾರ್ಥಿಗಳೂ ಕೇಳುತ್ತಾರೆ. ಸಾಲದು. 5 ಮಿ.ಮೀ. ಪಾಕೆಟ್ಟಿನಲ್ಲಿ ಹಿಡಿಯುವುದು ಸುಮಾರು ಅರ್ಧ ಮೈಕ್ರೋಲೀಟರ್, ಅಂದರೆ ಒಂದು ಹನಿ ನೀರಿನ ನೂರನೇ ಒಂದು ಪಾಲು. ರೋಗ ಹಿಡಿದ ವಸಡಿನಿಂದ ಆ ಸಂದಿಗೆ ಒಂದು ತೆಳು ದ್ರವ ಸದಾ ಒಸರುತ್ತಿರುತ್ತದೆ. ಅದು ಆ ಸಂದನ್ನು ಗಂಟೆಗೆ ಸುಮಾರು 40 ಸಲ ತುಂಬಿ ಹೊರಕ್ಕೆ ಚೆಲ್ಲುತ್ತದೆ. ಅಬ್ಬಿ ನೀರು ಬೀಳುವ ಬಾನಿಗೆ ಒಂದು ಚಮಚ ಬಣ್ಣ ಹಾಕಿ ನೋಡಿ, ಎಷ್ಟು ಹೊತ್ತು ಇರುತ್ತದೆ? ಹಲ್ಲಿಗೆ ಅಂಟಿಕೊಳ್ಳದ ಔಷಧಿ ಪಾಕೆಟ್ಟಿನಲ್ಲಿ ಒಂದೆರಡು ನಿಮಿಷದಲ್ಲೇ ಅರ್ಧಕ್ಕಿಳಿಯುತ್ತದೆ. ಸೂಕ್ಷ್ಮಾಣುಗಳ ಪದರ ಕರಗಬೇಕಾದರೆ ದಿನಗಟ್ಟಲೆ ಔಷಧಿ ಅಲ್ಲಿರಬೇಕು.

ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸುತ್ತೀರಲ್ಲ, ಮೈಲುತುತ್ತ, ಸುಣ್ಣದ ಜೊತೆ ಅಂಟು ಯಾಕೆ ಸೇರಿಸುತ್ತೀರಿ? ಅದಿಲ್ಲದಿದ್ದರೆ ಆಷಾಢದ ಮೊದಲ ಜಡಿಮಳೆಗೇ ಔಷಧಿ ಕೊನೆಯಿಂದ ಇಳಿದು ಬುಡ ಸೇರುತ್ತದೆ. ವಸಡಿನ ವೈದ್ಯರು ಐವತ್ತು ವರ್ಷದಿಂದ ಹುಡುಕಿದ್ದು ಅಂಥದೇ ಅಂಟನ್ನು. 1979ರಲ್ಲಿ ಅಮೆರಿಕದ ಮ್ಯಾಕ್ಸ್ ಗುಡ್‌ಸನ್ ಮತ್ತು ಜೊತೆಯವರು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ತುಂಬಿದ ಟೊಳ್ಳು ದಾರವನ್ನು ಪಾಕೆಟ್ಟಿನಲ್ಲಿಟ್ಟು ನೋಡಿದರು. ಆ ದಾರದಿಂದ ಔಷಧಿ ಬೇಗ ಹೊರಬಿದ್ದುಬಿಡುತ್ತಿತ್ತು. ಮುಂದೆ ಪ್ಲಾಸ್ಟಿಕ್ಕಿನಲ್ಲೇ ಔಷಧಿ ಬೆರೆಸಿದ ದಾರ ಬಂತು. 1994ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. 23 ಸೆಂಟಿಮೀಟರ್ ಉದ್ದ, ಅರ್ಧ ಮಿ.ಮೀ. ದಪ್ಪ, ಒಳಗೆ 12.7 ಮಿಲಿಗ್ರಾಂ ಔಷಧಿ. ಹಲ್ಲಿನ ಸುತ್ತ ಪದರ ಪದರವಾಗಿ ತುರುಕಿ, ಅಂಟು ಹಾಕಿ, ಹತ್ತು ದಿನ ಬಿಟ್ಟು ವಾಪಸ್ ಎಳೆದು ತೆಗೆಯಬೇಕು. ಔಷಧಿಯಾಗಿ ಒಳ್ಳೆಯದೇ, ಆದರೆ ಇಡುವುದು ರಗಳೆ, ತೆಗೆಯುವುದು ಇನ್ನೊಂದು ರಗಳೆ. ಅದು ಮೂಲೆಗೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ.

ನಂತರ ಬಂದವೆಲ್ಲ ತಾವೇ ಕರಗುವಂಥವು. 1998ರಲ್ಲಿ ಕ್ಲೋರ್‌ಹೆಕ್ಸಿಡಿನ್ ಚಿಪ್, ಅದೇ ವರ್ಷ ಡಾಕ್ಸಿಸೈಕ್ಲಿನ್ ಜೆಲ್, 2001ರಲ್ಲಿ ಮಿನೊಸೈಕ್ಲಿನ್ ಪುಡಿ. ನಿಮ್ಮ ವೈದ್ಯರು ಹೇಳಿದ್ದು ಮೊದಲನೆಯದರ ಜಾತಿ. ಚಿಪ್ ಎಂದರೆ ಮೊಬೈಲಿನದ್ದೂ ಅಲ್ಲ, ನಮ್ಮ ಕಡಲ ಕಡೆಯ ಚಿಪ್ಪೆಕಲ್ಲೂ ಅಲ್ಲ. (ಕಾರವಾರದಲ್ಲಿ ಒಬ್ಬ ಅಜ್ಜಿ ಎರಡನೆಯದೇ ಎಂದುಕೊಂಡು ಖುಷಿಪಟ್ಟಿದ್ದರು.) ಕಿರುಬೆರಳಿನ ಉಗುರಿಗಿಂತ ಚಿಕ್ಕದು: 5 ಮಿ.ಮೀ. ಉದ್ದ, 4 ಮಿ.ಮೀ. ಅಗಲ, ದಪ್ಪ 0.35 ಮಿ.ಮೀ. ಬಣ್ಣ ಬೆಲ್ಲದ ನೀರಿನದು, ಒಂದು ತುದಿ ದುಂಡಗೆ. ಅದರಲ್ಲಿರುವುದು 2.5 ಮಿಲಿಗ್ರಾಂ ಕ್ಲೋರ್‌ಹೆಕ್ಸಿಡಿನ್, ನೀವು ಬಾಯಿ ಮುಕ್ಕಳಿಸುವ ಬಾಟಲಿಯಲ್ಲಿ ನೋಡಿರುವ ಅದೇ ಔಷಧಿ. ನೂರಕ್ಕೆ ಸುಮಾರು 40 ಪಾಲು ಮೊದಲ ದಿನವೇ ಬಿಡುಗಡೆಯಾಗುತ್ತದೆ, ಉಳಿದದ್ದು ವಾರದಿಂದ ಹತ್ತು ದಿನದವರೆಗೆ ನಿಧಾನವಾಗಿ. ಆಮೇಲೆ ಚಿಪ್ ಕರಗಿ ಹೋಗುತ್ತದೆ, ತೆಗೆಯಲು ಮತ್ತೆ ಘಟ್ಟ ಇಳಿಯಬೇಕಾಗಿಲ್ಲ.

ಇಡುವುದು ಅರೆ ನಿಮಿಷದ ಕೆಲಸ, ಆದರೆ ಆ ಅರೆ ನಿಮಿಷ ನಾವು ಮಾತಾಡುವುದಿಲ್ಲ. ಹಲ್ಲಿನ ಪಕ್ಕ ಹತ್ತಿ ಇಟ್ಟು ಒಣಗಿಸಬೇಕು. ಚಿಪ್ಪನ್ನು ಚಿಮಟದಲ್ಲಿ ಹಿಡಿದು ದುಂಡು ತುದಿ ಮುಂದೆ ಮಾಡಿ ಒಂದೇ ಸಲಕ್ಕೆ ತಳದವರೆಗೆ ಜಾರಿಸಬೇಕು. ದಾರಿಯಲ್ಲಿ ಜೊಲ್ಲು ತಾಗಿತೋ, ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ ಚಿಮಟಕ್ಕೇ ಅಂಟಿಕೊಳ್ಳುತ್ತದೆ. ಸರಿಯಾಗಿ ಕೂತರೆ ಒಳಗಿನ ತೇವಕ್ಕೆ ತಾನೇ ಅಂಟಿ ನಿಲ್ಲುತ್ತದೆ. ರೋಗಿಗೆ ಗೊತ್ತಾಗುವುದು ಸ್ವಲ್ಪ ಒತ್ತಿದ ಹಾಗೆ, ಅಷ್ಟೇ. ಒಂದು ದಿನ ಮಂದ ನೋವು ಇದ್ದರೆ ಇರಬಹುದು.

ಈಗ ಮುಖ್ಯ ಪ್ರಶ್ನೆ, ಉಪಯೋಗ ಎಷ್ಟು? ಅಂಕಿಗಳನ್ನೇ ಇಡುತ್ತೇನೆ. 1998ರಲ್ಲಿ ಪ್ರಕಟವಾದ ಚಿಪ್ಪಿನ ದೊಡ್ಡ ಪರೀಕ್ಷೆಯಲ್ಲಿ ಒಂಬತ್ತು ತಿಂಗಳ ಕೊನೆಗೆ, ಬರೀ ಕ್ಲೀನಿಂಗ್ ಆದ ಪಾಕೆಟ್ಟುಗಳು ಸರಾಸರಿ 0.65 ಮಿ.ಮೀ. ತಗ್ಗಿದ್ದವು, ಕ್ಲೀನಿಂಗ್ ಜೊತೆ ಚಿಪ್ ಇಟ್ಟವು 0.95 ಮಿ.ಮೀ. 2001ರ ಮಿನೊಸೈಕ್ಲಿನ್ ಪರೀಕ್ಷೆಯಲ್ಲಿ ಬರೀ ಕ್ಲೀನಿಂಗಿಗೆ 1.08, ಪುಡಿಯೂ ಸೇರಿದಾಗ 1.32. ಅಂದರೆ ಔಷಧಿಯಿಂದ ಸಿಕ್ಕ ಹೆಚ್ಚಿನ ಲಾಭ ಮಿಲಿಮೀಟರಿನ ಕಾಲುಭಾಗದಿಂದ ಮೂರನೇ ಒಂದು ಭಾಗದ ಆಸುಪಾಸು. ನಾವು ಆಳ ನೋಡುವ ಪ್ರೋಬ್ ಕಡ್ಡಿಯ ಮೇಲಿರುವ ಗೆರೆಗಳ ಅಂತರವೇ ಒಂದು ಮಿ.ಮೀ. ಅದಕ್ಕಿಂತ ಕಡಿಮೆ ಇದು. ಹಾಗಾದರೆ ದಂಡವೇ ಎಂದು ಕೇಳಬೇಡಿ, ಸರಾಸರಿ ಅಂದರೆ ಕೆಲವು ಜಾಗದಲ್ಲಿ ಏನೂ ಆಗಿಲ್ಲ, ಕೆಲವು ಜಾಗದಲ್ಲಿ ಚೆನ್ನಾಗಿಯೇ ಆಗಿದೆ. ಅದೇ ಚಿಪ್ಪಿನ ಪರೀಕ್ಷೆಯಲ್ಲಿ 2 ಮಿ.ಮೀ. ಅಥವಾ ಹೆಚ್ಚು ತಗ್ಗಿದವರು ಚಿಪ್ ಇಟ್ಟವರಲ್ಲಿ ನೂರಕ್ಕೆ 19, ಇಡದವರಲ್ಲಿ 8. ಸಣ್ಣ ಲಾಭ, ಆದರೆ ಸುಳ್ಳು ಲಾಭ ಅಲ್ಲ. ಎರಡೂ ಕಡೆ ಹೆಚ್ಚಿನ ಪಾಲು ಕೆಲಸ ಮಾಡಿದ್ದು ಕ್ಲೀನಿಂಗ್ ಎನ್ನುವುದನ್ನು ಗಮನಿಸಿ.

ಅದಕ್ಕೇ ನಾನು ಹೊತ್ತಿನ ಮಾತೆತ್ತಿದ್ದು. ನಿಮ್ಮ ಬಾಯಲ್ಲಿ ಸರಿಯಾದ ಕ್ಲೀನಿಂಗ್ ಇನ್ನೂ ಆಗಿಲ್ಲ. ಪತ್ರದಲ್ಲಿ ಹೇಳಿರುವ ಕ್ಲೀನಿಂಗ್ ಯಾವುದು ಎಂದೂ ಕೇಳಿಕೊಳ್ಳಿ. ಹಲ್ಲಿನ ಮೇಲಿನ ಗಾರೆ ತೆಗೆಯುವ ಇಪ್ಪತ್ತು ನಿಮಿಷದ ಕೆಲಸ ಬೇರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿನವರೆಗೆ ಹೋಗಿ ಕೆರೆಯುವ ಡೀಪ್ ಕ್ಲೀನಿಂಗ್ ಬೇರೆ. ಅದು ಎರಡು ಮೂರು ಸಲಕ್ಕೆ ಮುಗಿಯುವಂಥದು. ಅದಾದ ಮೇಲೆ ವಸಡಿಗೆ ಒಂದೂವರೆಯಿಂದ ಮೂರು ತಿಂಗಳು ಟೈಮ್ ಕೊಡಬೇಕು. ಊತ ಇಳಿದು, ವಸಡು ಹಲ್ಲಿಗೆ ಬಿಗಿದುಕೊಂಡು, 5-6 ಮಿ.ಮೀ. ಇದ್ದ ಎಷ್ಟೋ ಪಾಕೆಟ್ಟುಗಳು ಔಷಧಿ ಇಲ್ಲದೆಯೇ 4ಕ್ಕೆ ಇಳಿಯುತ್ತವೆ. ಮತ್ತೆ ಅಳೆದಾಗ ಎಲ್ಲೋ ಎರಡು ಮೂರು ಕಡೆ 5 ಮಿ.ಮೀ. ಉಳಿದು, ಮುಟ್ಟಿದರೆ ರಕ್ತ ಬರುತ್ತಿದ್ದರೆ, ಆ ಜಾಗಗಳನ್ನು ಇನ್ನೊಮ್ಮೆ ಕೆರೆದು ಚಿಪ್ ಇಡುವುದಕ್ಕೆ ಅರ್ಥ ಇದೆ. ಕೊಳೆತ ಕೊನೆ ಇಳಿಸದೆ, ಬಿದ್ದ ಕೊಳೆ ಅಡಿಕೆ ಹೆಕ್ಕದೆ, ಅದರ ಮೇಲೇ ಬೋರ್ಡೋ ಹೊಡೆದರೆ ಮರ ಹತ್ತುವ ಕೊನೆಗೌಡ ನಗುತ್ತಾನೆ. ಸೂಕ್ಷ್ಮಾಣುಗಳು ಬಿಡಿಬಿಡಿಯಾಗಿ ತೇಲುವಾಗ ಸಾಯುವಷ್ಟು ಔಷಧಿಗೆ, ಅವೇ ಪದರಗಟ್ಟಿ ಕಲ್ಲಿನ ಮೇಲೆ ಕೂತಾಗ ಜಗ್ಗುವುದಿಲ್ಲ. ಮೊದಲು ಆ ಪದರ ಹರಿಯಬೇಕು, ಕೈಯಿಂದ, ಉಪಕರಣದಿಂದ.

ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ನಾನು ಕಾರವಾರದಲ್ಲಿ ಹೊಸದಾಗಿ ಕೂತ ವರ್ಷ. ಚಿಪ್ ಎಂದರೆ ನನಗೆ ಆಗ ಹೊಸ ಆಟಿಕೆ. ಬೈತಕೋಲದಲ್ಲಿ ಬೋಟ್ ಇದ್ದ ಒಬ್ಬರು ಬಂದರು. ಮರುದಿನ ಸಮುದ್ರಕ್ಕೆ ಹೊರಡುವವರು, ಒಂದೇ ಸಲ ಎಲ್ಲ ಮುಗಿಸಿ ಎಂದರು. ಕ್ಲೀನಿಂಗ್ ಮಾಡಿದ ಕೈಯಲ್ಲೇ, ರಕ್ತ ಇನ್ನೂ ಜಿನುಗುತ್ತಿರುವಾಗಲೇ ಐದು ಚಿಪ್ ಇಟ್ಟೆ. ನಾಲ್ಕು ದಿನಕ್ಕೆ ಬಂದು, ಪ್ಲಾಸ್ಟಿಕ್ ಚೀಟಿಯಲ್ಲಿ ಕಟ್ಟಿಕೊಂಡಿದ್ದ ಮೆತ್ತನೆಯ ಎರಡು ತುಂಡು ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ಇದು ಬಲೆಗೆ ಬಿದ್ದ ಹಾಗೆ ಬಾಯಿಗೆ ಬಂತು, ಇದರ ದುಡ್ಡು?" ದುಡ್ಡು ವಾಪಸ್ ಕೊಟ್ಟೆ. ನಾಚಿಕೆಯಾದದ್ದು ಅದಕ್ಕಲ್ಲ. ಮೂರು ತಿಂಗಳ ಮೇಲೆ ಮತ್ತೆ ಅಳೆದಾಗ, ಕಡೆಯ ದವಡೆ ಹಲ್ಲಿನ ಎರಡು ಬೇರುಗಳ ನಡುವೆ, ನಾನು ಚಿಪ್ ಇಟ್ಟಿದ್ದ ಜಾಗದಲ್ಲೇ, ಕಪ್ಪಗೆ ಗಟ್ಟಿ ಕಲ್ಲು ಪ್ರೋಬಿಗೆ ತಾಗಿತು. ಕಲ್ಲಿನ ಮೇಲೆ ಔಷಧಿಯ ಹೊದಿಕೆ ಹೊದೆಸಿ ಕಳಿಸಿದ್ದೆ. ಅಂದಿನಿಂದ ಮೊದಲ ದಿನವೇ ಚಿಪ್ ಇಡುವುದನ್ನು ಬಿಟ್ಟೆ. ಹಾಗೆ ಇಡುವ ವೈದ್ಯರೆಲ್ಲ ತಪ್ಪು ಮಾಡುತ್ತಾರೆ ಎನ್ನಲಾರೆ. ನಾನು ಹೇಳಿದ ಪರೀಕ್ಷೆಗಳಲ್ಲೂ ಕ್ಲೀನಿಂಗ್ ಆದ ಕೂಡಲೇ ಇಟ್ಟದ್ದುಂಟು. ಆದರೆ ಖರ್ಚು ಕೊಡುವವರು ನೀವು. ಮುಕ್ಕಾಲು ಪಾಲು ಜಾಗಕ್ಕೆ ಬೇಕಾಗದೇ ಹೋಗಬಹುದಾದ ವಸ್ತುವಿಗೆ ಮೊದಲೇ ದುಡ್ಡು ಎಣಿಸುವುದು ಯಾಕೆ?

ಆಪರೇಶನ್ ತಪ್ಪುತ್ತದೆಯೇ ಎಂಬುದಕ್ಕೆ ಎಕ್ಸ್-ರೇ ನೋಡದೆ ಉತ್ತರಿಸಲಾರೆ. ಪಾಕೆಟ್ಟಿನ ಆಳ 5 ಮಿ.ಮೀ. ಇದ್ದರೆ ತಪ್ಪಬಹುದು. 6 ದಾಟಿ ಉಳಿದಿದ್ದರೆ, ಎಲುಬು ಬಾವಿಯ ಹಾಗೆ ನೇರ ಕೆಳಗಿಳಿದಿದ್ದರೆ, ದವಡೆ ಹಲ್ಲಿನ ಬೇರುಗಳ ಕವಲು ಬಯಲಾಗಿದ್ದರೆ, ಚಿಪ್ ಅಲ್ಲಿ ದಿನ ದೂಡುವ ಉಪಾಯ ಮಾತ್ರ. ಚಿಪ್ಪಿನಿಂದ ಎಲುಬು ಬೆಳೆಯುವುದಿಲ್ಲ. ಅಲ್ಲಾಡುವ ಹಲ್ಲು ಅದರಿಂದಲೇ ಗಟ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಾಟ ಕಡಿಮೆಯಾದರೆ ಅದು ಊತ ಇಳಿದದ್ದರಿಂದ. ಎಲುಬು ಬೆಳೆಸಲೆಂದು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಔಷಧಿ), ಅಲೆಂಡ್ರೊನೇಟ್ (ಎಲುಬು ಸವೆತದ ಔಷಧಿ) ಜೆಲ್ಲುಗಳನ್ನು ಪಾಕೆಟ್ಟಿಗೆ ಹಾಕಿ ನೋಡಿದ ಅಧ್ಯಯನಗಳು ಬೆಂಗಳೂರಿನಲ್ಲೇ ನಡೆದಿವೆ. ಅವು ಇನ್ನೂ ಸಂಶೋಧನೆಯ ಮಾತು, ನಿಮ್ಮ ಹಲ್ಲಿಗೆ ಈಗ ಬೇಡ.

ಮಾತ್ರೆ ಯಾಕೆ ಬೇಡ? ಟೆಟ್ರಾಸೈಕ್ಲಿನ್ 250 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ ನುಂಗಿದರೂ ಪಾಕೆಟ್ಟಿನ ದ್ರವದಲ್ಲಿ ಸಿಗುವುದು ಒಂದು ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ. ನಾನು ಹೇಳಿದ ದಾರ, ಒಟ್ಟು 12.7 ಮಿಲಿಗ್ರಾಂ ಇಟ್ಟುಕೊಂಡು, ಅದೇ ಜಾಗದಲ್ಲಿ 1,500 ಮೈಕ್ರೋಗ್ರಾಮಿಗೂ ಮೇಲೆ ಕೊಟ್ಟಿತ್ತು. ನಾಲ್ಕು ಮರಕ್ಕೆ ಕೊಳೆ ಬಂದರೆ ಇಡೀ ಗುಡ್ಡಕ್ಕೆ ಹೊಡೆಸುತ್ತೀರೇ? ಮಾತ್ರೆಗೂ ಜಾಗ ಇದೆ, ವಯಸ್ಸು ಚಿಕ್ಕದಾಗಿದ್ದು ಬಾಯಿ ತುಂಬ ಎಲುಬು ವೇಗವಾಗಿ ಕರಗುತ್ತಿರುವವರಿಗೆ, ಅದೂ ಡೀಪ್ ಕ್ಲೀನಿಂಗ್ ಜೊತೆಗೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನ ನುಂಗಿ ಬಿಡುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಹೆಚ್ಚು. ರಕ್ತ ನಿಲ್ಲುತ್ತದೆ, ವಾಸನೆ ಹೋಗುತ್ತದೆ, ರೋಗ ಒಳಗೆ ಹಾಗೇ ಇರುತ್ತದೆ. ನೀವು ಹಾಗೆ ಮಾಡಬೇಡಿ.

ಮೀನಿನ ವಿಷಯ. ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಮೂಲ ಚಿಪ್ಪಿನ ಹಾಳೆ ಜೆಲಟಿನ್ನಿನದು, ಅದು ಪ್ರಾಣಿಮೂಲ. ನಮ್ಮ ದೇಶದಲ್ಲಿ ತಯಾರಾಗುವ, ಬೆಲೆ ಕಡಿಮೆಯಿರುವ ಚಿಪ್ಪುಗಳಲ್ಲಿ ಮೀನಿನ ಕೊಲಾಜೆನ್ ಬಳಸುವುದುಂಟು. ಕರಾವಳಿಯಲ್ಲಿ ಇದು ಸಮಸ್ಯೆಯೇ ಅಲ್ಲ, ಘಟ್ಟದ ಮೇಲಿನಿಂದ ಬಂದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ. ಕೇಳಿ ಒಪ್ಪಿದವರೂ ಇದ್ದಾರೆ, "ಔಷಧಿ ಅಂದ ಮೇಲೆ ಔಷಧಿ" ಎಂದು. ಎದ್ದು ಹೋದವರೂ ಇದ್ದಾರೆ. ಎರಡೂ ಅವರವರ ಇಷ್ಟ, ಹೇಳದೆ ಇಡುವುದು ಮಾತ್ರ ತಪ್ಪು. ಡಾಕ್ಸಿಸೈಕ್ಲಿನ್ ಜೆಲ್ ಮತ್ತು ಮಿನೊಸೈಕ್ಲಿನ್ ಪುಡಿಯಲ್ಲಿ ಔಷಧಿ ಹಿಡಿದಿಡುವುದು ಲ್ಯಾಕ್ಟಿಕ್ ಆಮ್ಲದಿಂದ ತಯಾರಿಸಿದ ಪಾಲಿಮರ್, ಆಪರೇಶನ್ನಿನಲ್ಲಿ ತಾನೇ ಕರಗುವ ಹೊಲಿಗೆ ದಾರದ ಜಾತಿಯದು. ಆ ಬಗೆಯದು ತರಿಸಲು ಆಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಆದರೆ ಅವೆರಡೂ ಟೆಟ್ರಾಸೈಕ್ಲಿನ್ ಕುಟುಂಬದವು. ಆ ಮಾತ್ರೆಗೆ ಹಿಂದೆ ಯಾವಾಗಲಾದರೂ ಮೈಯಲ್ಲಿ ಗಂಧೆ ಎದ್ದಿದ್ದರೆ ಬೇಡ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಇವನ್ನು ಇಡುವುದಿಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. ಬೆಲೆ ಹಲ್ಲಿಗಲ್ಲ, ಜಾಗಕ್ಕೆ. ಒಂದು ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತೇವೆ. ಅದೇ ಹಲ್ಲಿಗೆ ಎರಡು ಚಿಪ್ ಬೇಕಾಗಬಹುದು. ಹಾಗಾಗಿ ನಾಲ್ಕು ಕಡೆ ಅಂದರೆ ನಾಲ್ಕು ಹಲ್ಲೋ, ನಾಲ್ಕು ಪಾಕೆಟ್ಟೋ ಎಂದು ಬಿಡಿಸಿ ಕೇಳಿ. ಬಾಯಲ್ಲಿ ಹದಿನೈದು ಇಪ್ಪತ್ತು ಕಡೆ ಆಳ ಉಳಿದಿದ್ದರೆ ಚಿಪ್ಪಿನ ದಾರಿಯೇ ಅಲ್ಲ. ಒಂದು ಸಲಕ್ಕೆ ಎಂಟಕ್ಕಿಂತ ಹೆಚ್ಚು ಇಡುವುದಿಲ್ಲ. ಆ ದುಡ್ಡಿಗೆ ಧಾರವಾಡದ ಸತ್ತೂರು ಅಥವಾ ಮಣಿಪಾಲದ ಡೆಂಟಲ್ ಕಾಲೇಜಿನ ವಸಡಿನ ವಿಭಾಗಕ್ಕೆ ಹೋಗಿ ಬರುವುದು ಮೇಲು. ಕಾರವಾರದ ಕಡೆಯವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಇಂಥ ಕಡೆ ಖರ್ಚೂ ಸಾಮಾನ್ಯವಾಗಿ ಕಡಿಮೆ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಚಿಪ್ಪಿಗಿಂತ ದೊಡ್ಡದಾಗಿ ಕಂಡದ್ದು ಎರಡು ಸಂಗತಿ. ಒಂದು ಆ 8.2. ವಸಡಿನ ರೋಗದ ವೇಗ ಅಳೆಯುವ ಈಗಿನ ಪದ್ಧತಿಯಲ್ಲಿ ಸಕ್ಕರೆಯ ಸರಾಸರಿ 7 ಅಥವಾ ಅದಕ್ಕಿಂತ ಮೇಲಿದ್ದರೆ ಅತಿ ವೇಗದ ಗುಂಪಿಗೇ ಹಾಕುತ್ತೇವೆ. ಅದು 7ಕ್ಕಿಂತ ಕೆಳಗಿಳಿಯದೆ ನಾನು ಎಷ್ಟು ಚೆನ್ನಾಗಿ ಕೆರೆದರೂ ವಸಡು ಮಾಯುವುದು ನಿಧಾನ. ತಿರುಗಿ ನೋಡಿದರೆ ಒಳ್ಳೆಯ ಸುದ್ದಿಯೂ ಇದೆ: ಸರಿಯಾಗಿ ವಸಡಿನ ಚಿಕಿತ್ಸೆ ಆದ ಸಕ್ಕರೆ ರೋಗಿಗಳಲ್ಲಿ ಮೂರು ನಾಲ್ಕು ತಿಂಗಳಿಗೆ ಈ ಸರಾಸರಿ ಸುಮಾರು 0.4ರಷ್ಟು ಇಳಿದದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ನಿಮ್ಮ ಸಕ್ಕರೆಯ ಡಾಕ್ಟರಿಗೆ ಈ ವಿಷಯ ತಿಳಿಸಿ.

ಇನ್ನೊಂದು ಕವಳ. ಅಡಿಕೆ ಬೆಳೆಯುವವರ ಎದುರು ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ನನ್ನ ತಾಯಿಯ ತವರಿನಲ್ಲೂ ಜಗಲಿಯ ಮೇಲೆ ಕವಳದ ತಬಕು ಇರುತ್ತಿತ್ತು, ಬಂದವರಿಗೆ ಆಸರಿಗೆ (ಕುಡಿಯಲು ಕೊಡುವುದು) ಆದ ಮೇಲೆ ಅದೇ ಮರ್ಯಾದೆ. ಆದರೆ ಅಡಿಕೆಯನ್ನೇ, ತಂಬಾಕಿಲ್ಲದೆಯೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಸೇರಿಸಿದೆ. ವಸಡಿನ ಮಟ್ಟಿಗೆ ಹೇಳುವುದಾದರೆ, ತಂಬಾಕು ಸುಣ್ಣದ ಉಂಡೆ ದಿನವೂ ಒತ್ತಿ ಕೂರುವ ಜಾಗದಲ್ಲಿ ವಸಡು ಸರಿದು ಬೇರು ಕಾಣುತ್ತದೆ, ಅಡಿಕೆಯ ಸಾರ ಗಾಯ ಮಾಯಿಸುವ ಜೀವಕೋಶಗಳಿಗೆ ಅಡ್ಡಿ ಮಾಡುತ್ತದೆ. ಕಡೆಗೆ ಚಿಪ್ ಇಟ್ಟರೂ, ಮೊದಲ ವಾರ ಆ ಬದಿಯಲ್ಲಿ ಗಟ್ಟಿ ಅಡಿಕೆ ಹೋಳು ಕಡಿದಿರೋ, ಚಿಪ್ ಹೊರಗೆ. ಹತ್ತು ದಿನ ಆ ಸಂದಿಗೆ ದಾರ, ಕಡ್ಡಿ ಯಾವುದೂ ಹಾಕುವಂತಿಲ್ಲ. ಹತ್ತು ದಿನ ಕವಳ ಬಿಡಲು ಆಗುವುದಿಲ್ಲ ಎನ್ನುವವರಿಗೆ ನಾನು ಚಿಪ್ ಇಡುವುದೇ ಇಲ್ಲ. ಹತ್ತು ದಿನ ಬಿಟ್ಟವರಲ್ಲಿ ಕೆಲವರು ಹಾಗೇ ಬಿಟ್ಟದ್ದೂ ಇದೆ.

ಇನ್ನು ಕೊಯ್ಲು. ಕ್ಲೀನಿಂಗ್ ಮುಂದೂಡಬೇಡಿ. ಕೊನೆ ಇಳಿದು, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವಾಗ ಶಿವರಾತ್ರಿ ಬಂದಿರುತ್ತದೆ; ಅಷ್ಟು ದಿನ ಅಲ್ಲಾಡುವ ಹಲ್ಲು ಕಾಯುವುದಿಲ್ಲ. ಎರಡು ಮೂರು ಅರ್ಧ ದಿನ ಬಿಡುವು ಮಾಡಿಕೊಂಡು ಡೀಪ್ ಕ್ಲೀನಿಂಗ್ ಮುಗಿಸಿ. ಚಿಪ್ ಬೇಕಾದರೆ ಕೊಯ್ಲು ಮುಗಿದ ಮೇಲೆ ಬರಲಿ, ಹೇಗೂ ಮರು ಅಳತೆಗೆ ಅಷ್ಟು ದಿನ ಬೇಕು. ಕ್ಲೀನಿಂಗ್ ಶುರು ಮಾಡುವ ಮುಂಚೆ ನಿಮ್ಮ ವೈದ್ಯರಿಂದ ಒಂದು ಕೆಲಸ ಮಾಡಿಸಿಕೊಳ್ಳಿ: ಪ್ರತಿ ಹಲ್ಲಿನ ಆರು ಕಡೆಯ ಆಳ ಅಳೆದು, ಎಲ್ಲಿ ರಕ್ತ ಬಂತು ಎಂದು ಗುರುತು ಹಾಕಿದ ಚಾರ್ಟ್ ಬರೆಸಿ, ಅದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮೂರು ತಿಂಗಳ ಮೇಲೆ ಮತ್ತೆ ಅಳೆದ ಚಾರ್ಟನ್ನು ಅದರ ಪಕ್ಕ ಇಟ್ಟು ನೋಡಿದರೆ, ಯಾವ ಸಂದಿಗೆ ಔಷಧಿ ಬೇಕು, ಯಾವುದಕ್ಕೆ ಬೇಡ ಎಂದು ನಿಮಗೇ ಕಾಣುತ್ತದೆ.